ವಿಗನ್ ಕ್ಯಾಸಿನೊದ ರಾತ್ರಿಗಳು: ಕಂಡವರು, ಕುಣಿದವರು ಯಾರಾದರೂ ಇದ್ದೀರಾ?

ಮ್ಯಾಂಚೆಸ್ಟರ್ ಮಳೆ

1970ರ ದಶಕದಲ್ಲಿ ಉತ್ತರ ಇಂಗ್ಲೆಂಡಿನಲ್ಲಿದ್ದ ಕನ್ನಡಿಗರನ್ನು ಹುಡುಕುತ್ತಿದ್ದೇನೆ. ವಿಗನ್ ಊರಿನ ಕ್ಯಾಸಿನೊ ಎಂಬ ಡಾನ್ಸ್ ಹಾಲಿನಲ್ಲಿ ಶನಿವಾರ ಕಳೆದು ರಾತ್ರಿ ಎರಡಕ್ಕೆ ಬಾಗಿಲು ತೆರೆದು, ಭಾನುವಾರ ಬೆಳಿಗ್ಗೆ ಎಂಟರವರೆಗೆ ಬಿಡದೆ ಕುಣಿಯುತ್ತಿದ್ದರಲ್ಲ, ಆ ನಾರ್ದರ್ನ್ ಸೋಲ್ ರಾತ್ರಿಗಳಿಗೆ ನಮ್ಮವರು ಯಾರಾದರೂ ಹೋಗಿದ್ದರೇ? ನನ್ನ ಕಚೇರಿಯಲ್ಲಿ ಅರವತ್ತು ದಾಟಿದ ಸಹೋದ್ಯೋಗಿಯೊಬ್ಬರಿದ್ದಾರೆ. ಲೆಕ್ಕಪತ್ರ ವಿಭಾಗದವರು, ಮಾತು ಕಡಿಮೆ. ಆದರೆ ಕ್ಯಾಸಿನೊ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ಒಂದು ಸುತ್ತು ಗಿರ್ರನೆ ತಿರುಗಿ ಮತ್ತೆ ಕುಳಿತುಕೊಳ್ಳುತ್ತಾರೆ. ಅವರ ಹೆಂಡತಿ ಪರಿಚಯವಾದದ್ದು ಅಲ್ಲಿಗೆ ಹೋಗುವ ಬಸ್ಸಿನಲ್ಲಂತೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. 1960ರ ದಶಕದ ನಡುವಿನಲ್ಲಿ ಡೆಟ್ರಾಯಿಟ್, ಷಿಕಾಗೊ ಕಡೆಯ ಕಪ್ಪು ಗಾಯಕರು, ಡೆಟ್ರಾಯಿಟ್ಟಿನ ಹೆಸರಾಂತ ಪ್ಲೇಟು ಕಂಪನಿ ಮೋಟೌನ್‌ನ ಧಾಟಿಯಲ್ಲಿ ಹಾಡಿದ, ಓಟದ ತಾಳದ ಹಾಡುಗಳೇ ಈ ನಾರ್ದರ್ನ್ ಸೋಲ್. ಸಣ್ಣ ಸಣ್ಣ ಕಂಪನಿಗಳು ಹೊರತಂದವು, ರೇಡಿಯೊದವರು ಹಾಕಲಿಲ್ಲ, ಜನ ಕೊಳ್ಳಲಿಲ್ಲ, ಪೆಟ್ಟಿಗೆಗಟ್ಟಲೆ ಗ್ರಾಮಫೋನ್ ಪ್ಲೇಟುಗಳು ಗೋದಾಮು ಸೇರಿದವು. ಅವನ್ನು ಹುಡುಕಿ ತಂದು ಮೆರೆಸಿದವರು ಲ್ಯಾಂಕಶೈರ್, ಯಾರ್ಕ್‌ಶೈರ್, ಸ್ಟಾಫರ್ಡ್‌ಶೈರ್‌ಗಳ ಗಿರಣಿ, ಗಣಿ, ಕಾರ್ಖಾನೆಯ ಹುಡುಗ ಹುಡುಗಿಯರು. ‘ನಾರ್ದರ್ನ್’ ಎಂಬುದು ಕೇಳಿದವರ ಊರಿನ ಗುರುತು. ಲಂಡನ್ನಿನಲ್ಲಿ ಸೋಲ್ ಸಿಟಿ ಎಂಬ ಅಂಗಡಿ ನಡೆಸುತ್ತಿದ್ದ ಡೇವ್ ಗೋಡಿನ್, ಫುಟ್‌ಬಾಲ್ ಪಂದ್ಯಕ್ಕೆಂದು ಉತ್ತರದಿಂದ ಬರುವ ಗಿರಾಕಿಗಳು ಫಂಕ್ ಎಂಬ ಹೊಸ ಬಗೆಯ ಹಾಡುಗಳ ಕಡೆ ತಿರುಗಿಯೂ ನೋಡದೆ ಹಳೆಯದನ್ನೇ ಕೇಳುವುದನ್ನು ಗಮನಿಸಿ, ಅಂಥ ಪ್ಲೇಟುಗಳನ್ನು ಬೇರೆ ಎತ್ತಿಡಲು 1968ರ ಸುಮಾರಿಗೆ ಇಟ್ಟ ಹೆಸರು ಅದು.

ನೆನಪಿದ್ದವರು ಬರೆಯಿರಿ. ಅಲ್ಲಿಗೆ ಹೋಗಿ ಬಂದ ಯಾರನ್ನಾದರೂ ಬಲ್ಲವರೂ ಬರೆಯಬಹುದು.

ನಿವೃತ್ತ ವೈದ್ಯ, ಪ್ರೆಸ್ಟನ್

ನಾನು ಕುಣಿದವನಲ್ಲ. ಕುಣಿದು ಬಂದವರನ್ನು ಭಾನುವಾರ ಬೆಳಿಗ್ಗೆ ಕ್ಯಾಶುಯಲ್ಟಿಯಲ್ಲಿ ಕಂಡವನು. ಆಗ ಲ್ಯಾಂಕಶೈರ್‌ನ ಒಂದು ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿದ್ದೆ. ಅಗಲವಾದ ಪ್ಯಾಂಟು, ಬನಿಯನ್ನು, ಕೈಯಲ್ಲೊಂದು ಚೀಲ. ಅಗಲಗೊಂಡ ಕಣ್ಣಿನ ಪಾಪೆ, ಕಡಿಯುವ ಹಲ್ಲು, ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಓಡುವ ಹೃದಯ. ತೂಕ ಇಳಿಸಲು ವೈದ್ಯರು ಬರೆದುಕೊಡುತ್ತಿದ್ದ ಆಂಫೆಟಮಿನ್ ಮಾತ್ರೆಗಳು ಎಲ್ಲಿಂದಲೋ ಇವರ ಕೈಗೆ ಬರುತ್ತಿದ್ದವು. ಔಷಧದಂಗಡಿಗಳಿಗೆ ಕನ್ನ ಹಾಕಿ ತಂದದ್ದೂ ಇತ್ತು. ಬಂದವರಲ್ಲಿ ಹೆಚ್ಚಿನವರು ಒಳ್ಳೆಯ ಮಕ್ಕಳೇ. ಒಬ್ಬ ಹುಡುಗ ನನ್ನ ಮಂಚದ ಮೇಲೆ ಮಲಗಿಕೊಂಡೇ ಡೆಟ್ರಾಯಿಟ್ಟಿನ ರಿಕ್-ಟಿಕ್ ಎಂಬ ಪ್ಲೇಟು ಕಂಪನಿಯ ಬಗ್ಗೆ ಪಾಠ ಮಾಡಿದ. ನಾಡಿ ಎಣಿಸಲು ಬಿಡಲಿಲ್ಲ.

ಹಳೆಯ ನೆನಪು ತೆಗೆದಾಗ ಈ ಮಾತ್ರೆಯ ವಿಷಯವನ್ನು ಎಲ್ಲರೂ ಚಾಪೆಯ ಕೆಳಗೆ ತಳ್ಳುತ್ತಾರೆ. ಅದಕ್ಕೇ ಮೊದಲು ಬರೆದೆ. ಟನ್‌ಸ್ಟಲ್‌ನ ಗೋಲ್ಡನ್ ಟಾರ್ಚ್ ಎಂಬ ಸೋಲ್ ಕ್ಲಬ್ಬು 1973ರಲ್ಲಿ ಬಾಗಿಲು ಹಾಕಿದ್ದರಲ್ಲಿ ಇದರ ಪಾಲು ದೊಡ್ಡದು. ಅದಕ್ಕೂ ಮೊದಲು, 1971ರಲ್ಲಿ, ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್ ಕ್ಲಬ್ಬು ಮುಚ್ಚುವಾಗಲೂ ಪೊಲೀಸರ ಕಣ್ಣು ಇದರ ಮೇಲೆಯೇ ಇತ್ತು.

ನಮ್ಮ ಶನಿವಾರಗಳೋ, ಡ್ಯೂಟಿ ಇಲ್ಲದಿದ್ದರೆ ಯಾರದಾದರೂ ಮನೆಯಲ್ಲಿ ಬಿಸಿಬೇಳೆಬಾತು, ಇಸ್ಪೀಟು, ಊರಿಗೆ ಮರಳುವ ಮಾತು. ಹತ್ತು ಮೈಲಿ ಆಚೆ ಇಂಥದ್ದೊಂದು ಲೋಕ ಇದೆಯೆಂಬುದು ರೋಗಿಗಳಿಂದ ತಿಳಿದದ್ದು.

ಸಿಸ್ಟರ್ ಅಕ್ಕ

ನಾನು ಹೋಗಿದ್ದೇನೆ! ಉಡುಪಿ ಕಡೆಯ ಹುಡುಗಿ, ನರ್ಸಿಂಗ್ ಕಲಿಯಲು ಬಂದವಳು, ವಿಗನ್ ಕ್ಯಾಸಿನೊದಲ್ಲಿ ಕುಣಿದಿದ್ದೇನೆ ಎಂದರೆ ನನ್ನ ಮೊಮ್ಮಕ್ಕಳೇ ನಂಬುವುದಿಲ್ಲ.

ಕರೆದುಕೊಂಡು ಹೋದವಳು ಹಾಸ್ಟೆಲಿನ ಪಕ್ಕದ ಕೋಣೆಯ ಗೆಳತಿ. ಅಪ್ಪ ಗಣಿಯಲ್ಲಿ, ಅಣ್ಣ ಹೈಂಜ್ ಕಾರ್ಖಾನೆಯಲ್ಲಿ, ಇವಳು ವಾರ್ಡಿನಲ್ಲಿ. 1976ರ ಬೇಸಿಗೆ. ಆ ವರ್ಷ ಇಂಗ್ಲೆಂಡಿನಲ್ಲಿ ಮಳೆ ಕೈಕೊಟ್ಟು ಹುಲ್ಲೆಲ್ಲ ಒಣಗಿತ್ತು, ರಾತ್ರಿಯೂ ಸೆಕೆ. ಸ್ಟೇಷನ್ ರಸ್ತೆಯಲ್ಲಿ ಸಾಲು ಎಂದರೆ ಸಾಲಲ್ಲ, ಜಾತ್ರೆಯ ನೂಕು. ಬಾಗಿಲು ತೆರೆಯುವವರೆಗೆ ಪಕ್ಕದ ಬೀಚ್‌ಕೂಂಬರ್ ಕೆಫೆಯಲ್ಲಿ ಚಹಾ ಹಿಡಿದುಕೊಂಡು ಕೂರುವುದು. ಅಷ್ಟು ಹೊತ್ತಿಗೆ ಗ್ಲಾಸ್ಗೊ, ಲೆಸ್ಟರ್, ವೇಲ್ಸ್ ಕಡೆಯಿಂದಲೂ ಜನ ಬಂದು ಸೇರಿರುತ್ತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಚೀಲ. ಅದರ ಮೇಲೆ ಮುಷ್ಟಿ ಬಿಗಿದ ಕಪ್ಪು ಕೈ ಮತ್ತು ‘ಕೀಪ್ ದ ಫೇತ್’ ಎಂದು ಬರೆದ ಬಟ್ಟೆಯ ಬಿಲ್ಲೆ. ಒಳಗೆ ಟವೆಲು, ಬದಲಿಸಲು ಅಂಗಿ, ಪೌಡರ್ ಡಬ್ಬಿ.

ಪೌಡರ್ ಮುಖಕ್ಕಲ್ಲ, ನೆಲಕ್ಕೆ. ಕೇರಂ ಬೋರ್ಡಿನ ಮೇಲೆ ಪೌಡರ್ ಉದುರಿಸಿದರೆ ಸ್ಟ್ರೈಕರ್ ಹೇಗೆ ಜಾರುತ್ತದೆಯೋ ಹಾಗೆ ಚರ್ಮದ ಅಡಿಯ ಶೂ ಜಾರಬೇಕು. ಮೇಪಲ್ ಮರದ ಹಾಸು, ಕೆಳಗೆ ಪುಟಿಯುವ ಹಾಗೆ ಕಟ್ಟಿದ್ದು. ನೂರಾರು ಜನ ಒಂದೇ ತಾಳಕ್ಕೆ ಕಾಲು ಹಾಕಿದಾಗ ಹಲಗೆ ಏರಿಳಿಯುವುದು ಮೊಣಕಾಲಿಗೆ ಗೊತ್ತಾಗುತ್ತಿತ್ತು. ಹಾಡಿನ ನಡುವೆ ಒಂದು ಜಾಗ ಬರುತ್ತದೆ, ಡೋಲು ಒಂದು ಕ್ಷಣ ತಡೆಯುತ್ತದೆ, ಇಡೀ ಸಭಾಂಗಣ ಒಟ್ಟಿಗೆ ಒಂದೇ ಚಪ್ಪಾಳೆ ತಟ್ಟುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ಮೊದಲ ಸಲ ನಾನು ಬೆಚ್ಚಿಬಿದ್ದೆ. ಮುಂದಿನ ಸಲದ ಹೊತ್ತಿಗೆ ನನ್ನ ಕೈಯೂ ಅಲ್ಲೇ ಬಿತ್ತು. ಬೆವರಿನ ಹಬೆ ಮಾಳಿಗೆಗೆ ಏರಿ ಮತ್ತೆ ಹನಿ ಹನಿಯಾಗಿ ತಲೆಯ ಮೇಲೆ ಬೀಳುತ್ತಿತ್ತು. ಅಸಹ್ಯ ಎನ್ನಿಸಬೇಕಿತ್ತು, ಎನ್ನಿಸಲಿಲ್ಲ.

ಹುಡುಗರು ತಿರುಗುವುದು, ಹಿಂದಕ್ಕೆ ಬಿದ್ದು ಅಂಗೈ ಊರಿ ಪುಟಿದೇಳುವುದು, ಕಾಲು ಬೀಸುವುದು, ಎಲ್ಲವೂ ಸರಿ. ಅದನ್ನು ಎಲ್ಲರೂ ಬರೆಯುತ್ತಾರೆ. ನನಗೆ ಮುಖ್ಯವಾದದ್ದು ಬೇರೆ. ಅಲ್ಲಿ ಜೋಡಿ ಬೇಕಿರಲಿಲ್ಲ. ಬೇರೆ ಡಾನ್ಸ್ ಹಾಲುಗಳಲ್ಲಿ ಗೋಡೆಗೆ ಒರಗಿ ನಿಂತು, ಯಾವನಾದರೂ ಬಂದು ಕರೆಯುವವರೆಗೆ ಕಾಯಬೇಕಿತ್ತು, ಇಲ್ಲವೇ ಕುಡಿದವನ ಕೈ ಬಿಡಿಸಿಕೊಳ್ಳಬೇಕಿತ್ತು. ಕ್ಯಾಸಿನೊದಲ್ಲಿ ಆ ಹೊತ್ತಿಗೆ ಮದ್ಯ ಮಾರುತ್ತಿರಲಿಲ್ಲ, ಕೋಲಾ, ನಿಂಬೆ ಪಾನಕ ಅಷ್ಟೇ. ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವು ಒಂದೆರಡು ಚದರಡಿ ಜಾಗದಲ್ಲಿ ಕುಣಿಯುತ್ತಿದ್ದರು. ನಾನು ದೊಡ್ಡ ಘೇರಿನ ಲಂಗ ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು, ಒಬ್ಬಳೇ ಕುಣಿದೆ. ಕೈ ತಾಗಿದರೆ ‘ಸಾರಿ ಲವ್’ ಎಂದು ಸರಿದುಕೊಳ್ಳುತ್ತಿದ್ದರು.

ಡಾಕ್ಟರೇ, ನೀವು ಹೇಳಿದ ಮಾತ್ರೆ ಇತ್ತು. ನನಗೂ ಒಬ್ಬಳು ಕೊಡಲು ಬಂದಳು. ವಾರ್ಡಿನಲ್ಲಿ ಅದರ ಫಲ ನೋಡಿದ್ದೆ, ಬೇಡ ಎಂದೆ. ಅವಳು ಬಲವಂತ ಮಾಡಲಿಲ್ಲ.

ಲೀಡ್ಸ್ ವಿದ್ಯಾರ್ಥಿ

ಅಕ್ಕ, ಓದಿ ರೋಮಾಂಚನವಾಯಿತು. ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಹಾಡುವವರು ಕಪ್ಪು ಅಮೆರಿಕನ್ನರು, ಕುಣಿಯುವವರು ಬಹುಪಾಲು ಬಿಳಿಯ ಕಾರ್ಮಿಕರ ಮಕ್ಕಳು. ಆ ಕಾಲದಲ್ಲಿ ವಲಸಿಗರ ವಿರೋಧಿ ಪಕ್ಷವಾದ ನ್ಯಾಷನಲ್ ಫ್ರಂಟ್ ಬೀದಿಯಲ್ಲಿ ಮೆರವಣಿಗೆ ಮಾಡುತ್ತಿತ್ತು. ನಮ್ಮ ಬಣ್ಣದವರನ್ನು ಒಳಗೆ ಹೇಗೆ ನೋಡುತ್ತಿದ್ದರು?

ಸಿಸ್ಟರ್ ಅಕ್ಕ

ತಪ್ಪೇನಿಲ್ಲ ಮಗು, ಕೇಳಬೇಕಾದ ಮಾತೇ. ಒಳಗೆ ನಮ್ಮ ಬಣ್ಣದವರು ಬೆರಳೆಣಿಕೆ. ಕೆರಿಬಿಯನ್ ಮೂಲದ ಕೆಲವು ಹುಡುಗರು ಬರುತ್ತಿದ್ದರು, ಅವರ ಕುಣಿತ ನೋಡಲು ಜನ ಜಾಗ ಬಿಟ್ಟುಕೊಡುತ್ತಿದ್ದರು. ಒಳಗೆ ನನಗೆ ಯಾರೂ ಒಂದು ಮಾತು ಅಂದದ್ದಿಲ್ಲ. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅನ್ನಿಸಿಕೊಂಡದ್ದಿದೆ. ಆಗ ಗೆಳತಿಯ ಅಣ್ಣ ಚೀಲ ಕೆಳಗಿಟ್ಟು ಎದ್ದು ನಿಂತ, ಅಂದವನು ರಸ್ತೆ ದಾಟಿಕೊಂಡ.

ಆದರೆ ಇದನ್ನೇ ಹಿಡಿದುಕೊಂಡು ಅಲ್ಲಿ ಬಣ್ಣದ ಭೇದವೇ ಇರಲಿಲ್ಲ ಎಂದು ಈಗ ಕೆಲವರು ಹಾರ ಹಾಕುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಕಪ್ಪು ಗಾಯಕನ ಹಾಡಿಗೆ ಅಳುವವನೇ ಸೋಮವಾರ ಕಾರ್ಖಾನೆಯಲ್ಲಿ ಪಾಕಿಸ್ತಾನಿ ಸಹೋದ್ಯೋಗಿಯ ಬಗ್ಗೆ ಏನು ಆಡುತ್ತಿದ್ದ ಎಂಬುದನ್ನೂ ಕೇಳಿದ್ದೇನೆ. ಎರಡೂ ಒಬ್ಬನೇ ಮನುಷ್ಯನಲ್ಲಿ ಇರುತ್ತಿದ್ದವು.

ಪ್ಲೇಟು ಸಂಗ್ರಹಿ, ಬೆಂಗಳೂರು

ನಾನು ಹಳೆಯ ಕನ್ನಡ ಚಿತ್ರಗೀತೆಗಳ ಇ.ಪಿ. ಕೂಡಿಸುವವನು, ಸೋಲ್ ಪ್ಲೇಟುಗಳು ನನಗೆ ಸಿಕ್ಕಿದ್ದು ಆಕಸ್ಮಿಕ. ಪರಿಚಯದವರೊಬ್ಬರು ಇಂಗ್ಲೆಂಡಿನಿಂದ ಮರಳುವಾಗ ಒಂದು ಕಟ್ಟು ತಂದುಕೊಟ್ಟರು. ನಮ್ಮ ಎಚ್‌ಎಂವಿ ಪ್ಲೇಟಿನ ನಡುವೆ ಸಣ್ಣ ರಂಧ್ರ. ನಿಮಿಷಕ್ಕೆ 45 ಸುತ್ತು ತಿರುಗುವ ಅಮೆರಿಕದ ಪ್ಲೇಟಿಗೆ ಒಂದೂವರೆ ಅಂಗುಲದ ದೊಡ್ಡ ರಂಧ್ರ, ಜೂಕ್‌ಬಾಕ್ಸಿಗಾಗಿ ಮಾಡಿದ್ದು. ನನ್ನ ಟರ್ನ್‌ಟೇಬಲ್ಲಿನ ಮೇಲೆ ಅದು ನಿಲ್ಲುವುದೇ ಇಲ್ಲ, ನಡುವೆ ಒಂದು ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿಸಬೇಕು. ಸಿಕ್ಕಿಸಿ ಮುಳ್ಳು ಇಟ್ಟರೆ ಎರಡೂವರೆ ನಿಮಿಷದಲ್ಲಿ ಹಾಡು ಮುಗಿದೇ ಹೋಗುತ್ತದೆ.

ಕೇಳಲು ಸೊಗಸು. ನನ್ನ ತಕರಾರು ಇರುವುದು ಆ ಡಿಜೆಗಳ ಮೇಲೆ. ತಮಗೆ ಸಿಕ್ಕ ಅಪರೂಪದ ಪ್ಲೇಟು ಇನ್ನೊಬ್ಬನಿಗೆ ಸಿಗಬಾರದೆಂದು ಲೇಬಲ್ಲಿನ ಮೇಲೆ ಬಿಳಿ ಕಾಗದ ಅಂಟಿಸಿ, ಬೇರೆಯೇ ಹೆಸರು ಬರೆದು ಹಾಕುತ್ತಿದ್ದರು. ಇದನ್ನು ‘ಕವರ್-ಅಪ್’ ಎನ್ನುತ್ತಿದ್ದರು. ಫ್ರಾಂಕ್ ವಿಲ್ಸನ್ ಎಂಬಾತ ಮೋಟೌನ್ ಬಳಗದ ಸೋಲ್ ಲೇಬಲ್ಲಿಗೆ 1965ರಲ್ಲಿ ‘ಡು ಐ ಲವ್ ಯು’ ಹಾಡಿದ. ಅವನು ಗಾಯಕನಾಗುವುದಕ್ಕಿಂತ ನಿರ್ಮಾಪಕನಾಗಿಯೇ ಇರುವುದು ಕಂಪನಿಗೆ ಬೇಕಿತ್ತು, ಒತ್ತಿದ ಪ್ಲೇಟುಗಳನ್ನು ನಾಶ ಮಾಡಿದರು. ಉಳಿದದ್ದು ಒಂದೆರಡು. ಅದು ಇಂಗ್ಲೆಂಡಿಗೆ ಬಂದಾಗ ‘ಎಡ್ಡಿ ಫಾಸ್ಟರ್’ ಎಂಬ ಹೆಸರಿನಲ್ಲಿ ಕ್ಲಬ್ಬುಗಳಲ್ಲಿ ಮೊಳಗಿತು. ಒಬ್ಬ ಮನುಷ್ಯನ ಏಕೈಕ ದೊಡ್ಡ ಹಾಡು, ಅದಕ್ಕೂ ಅವನ ಹೆಸರಿಲ್ಲ! 2009ರಲ್ಲಿ ಆ ಪ್ಲೇಟು 25,000 ಪೌಂಡಿಗೂ ಮೀರಿ ಹರಾಜಾಯಿತು, 2020ರಲ್ಲಿ 1,00,000 ಪೌಂಡಿಗೆ ಮಾರಾಟವಾಯಿತು. ಹಾಡಿದವನಿಗೆ ಅದರಲ್ಲಿ ಬಿಡಿಗಾಸಿಲ್ಲ. ಆತ ಮೋಟೌನ್ ಬಿಟ್ಟು ಪಾದ್ರಿಯಾಗಿ, 2012ರಲ್ಲಿ ತೀರಿಕೊಂಡ.

ಗ್ಲೋರಿಯಾ ಜೋನ್ಸ್ ಕತೆಯೂ ಅಷ್ಟೇ. ಅವಳ ‘ಟೇಂಟೆಡ್ ಲವ್’ 1965ರಲ್ಲಿ ಯಾವುದೋ ಹಾಡಿನ ಹಿಂಬದಿಯಲ್ಲಿ ಬಂದು ಸತ್ತಿತು. ವಿಗನ್ನಿನ ಡಿಜೆ ರಿಚರ್ಡ್ ಸರ್ಲಿಂಗ್ ಅಮೆರಿಕದಿಂದ ಅದನ್ನು ತಂದು ಬದುಕಿಸಿದ. 1981ರಲ್ಲಿ ಸಾಫ್ಟ್ ಸೆಲ್ ಎಂಬ ತಂಡದವರು ಹೊಸದಾಗಿ ಹಾಡಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಒಯ್ದರು. ಇನ್ನೊಬ್ಬರು ಹಾಡಿದಾಗ ಹಣ ಹೋಗುವುದು ಬರೆದವನಿಗೆ, ಮೊದಲು ಹಾಡಿದವಳಿಗಲ್ಲ. ಇಷ್ಟಾದರೂ ‘ಅಸಲಿ ಪ್ಲೇಟೇ ಬೇಕು, ಮರುಮುದ್ರಣ ಹಾಕಬಾರದು’ ಎಂಬ ಮಡಿ ಏಕೆ? ಮರುಮುದ್ರಣ ಕೊಂಡರೆ ಬದುಕಿರುವವರಿಗೆ ಒಂದಿಷ್ಟಾದರೂ ಸೇರುತ್ತದಲ್ಲ.

ಮ್ಯಾಂಚೆಸ್ಟರ್ ಮಳೆ

ಸಂಗ್ರಹಿಗಳೇ, ಹಣದ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಕವರ್-ಅಪ್ ವಿಷಯದಲ್ಲಿ ಅರ್ಧ ಮಾತ್ರ. ಒಬ್ಬ ಡಿಜೆಯ ಬಳಿ ಮಾತ್ರ ಆ ಹಾಡು ಇದೆ, ಅವನಿರುವ ಊರಿಗೆ ಹೋದರೆ ಮಾತ್ರ ಕೇಳಲು ಸಿಗುತ್ತದೆ ಎಂಬ ಕಾರಣಕ್ಕೇ ಗ್ಲಾಸ್ಗೊದ ಹುಡುಗ ವಿಗನ್ನಿಗೆ ಬರುತ್ತಿದ್ದ. ಬಂದವನು ಬಸ್ಸಿನಲ್ಲಿ, ಕೆಫೆಯಲ್ಲಿ, ಬಾಲ್ಕನಿಯಲ್ಲಿ ಪ್ಲೇಟು ಮಾರುವವರ ಸುತ್ತ ನಿಂತು ಹತ್ತು ಜನರ ಗೆಳೆತನ ಮಾಡಿಕೊಳ್ಳುತ್ತಿದ್ದ. ಎಲ್ಲ ಹಾಡೂ ಎಲ್ಲರ ಮನೆಯ ರೇಡಿಯೊದಲ್ಲಿ ಬಂದಿದ್ದರೆ ಆ ಪಯಣವೇ ಇರುತ್ತಿರಲಿಲ್ಲ. ಬಚ್ಚಿಟ್ಟ ಡಿಜೆಗಳ ಉದ್ದೇಶ ಸ್ವಾರ್ಥವೇ ಇರಬಹುದು, ಆದರೆ ಅದರ ಸುತ್ತ ಬೆಳೆದ ಬಳಗಕ್ಕೆ ಆ ಸ್ವಾರ್ಥವೇ ಗೊಬ್ಬರವಾಯಿತು.

ಇನ್ನೊಂದು. ಮರೆತುಹೋದ ಗಾಯಕರನ್ನು ಈ ಜನರೇ ಹುಡುಕಿ ಕರೆಸಿದರು. ಮೇಜರ್ ಲ್ಯಾನ್ಸ್ ತನ್ನ ದೇಶದಲ್ಲಿ ಹೆಸರು ಕಳೆದುಕೊಂಡಿದ್ದಾಗ 1972ರಲ್ಲಿ ಗೋಲ್ಡನ್ ಟಾರ್ಚ್‌ನಲ್ಲಿ ಹಾಡಿ, ಆ ರಾತ್ರಿಯ ಧ್ವನಿಮುದ್ರಣ ಎಲ್‌ಪಿಯಾಗಿ ಬಂತು. ಎಡ್ವಿನ್ ಸ್ಟಾರ್ ಅಂತೂ ಇಂಗ್ಲೆಂಡಿನಲ್ಲಿಯೇ ನೆಲೆನಿಂತು, 2003ರಲ್ಲಿ ನಾಟಿಂಗ್‌ಹ್ಯಾಮ್ ಬಳಿ ತೀರಿಕೊಂಡರು. ಫ್ರಾಂಕ್ ವಿಲ್ಸನ್ ಹಾಡನ್ನೂ 1979ರಲ್ಲಿ ಮೋಟೌನ್‌ನ ಬ್ರಿಟಿಷ್ ಲೇಬಲ್ ಟ್ಯಾಮ್ಲಾ ಮೋಟೌನ್ ಇಲ್ಲಿ ಅವರದೇ ಹೆಸರಿನಲ್ಲಿ ಹೊರತಂದಿತು.

ಸುಮ್ಮನೆ ಓದುಗ

ಕ್ಷಮಿಸಿ, ಆದರೆ ಇಷ್ಟೊಂದು ಹೊಗಳುವಂಥದ್ದೇನಿದೆ? ಅದೇ ದಶಕದಲ್ಲಿ ಡಿಸ್ಕೊ ಬಂತು, ಜನ ಅಲ್ಲಿಯೂ ರಾತ್ರಿಯಿಡೀ ಕುಣಿದರು. ಹತ್ತು ವರ್ಷ ಹಳೆಯ, ಸೋತ ಹಾಡುಗಳಿಗೆ ಜೋತುಬಿದ್ದವರು ಹೊಸದಕ್ಕೆ ಹೆದರಿದವರಲ್ಲವೇ?

ನಿವೃತ್ತ ವೈದ್ಯ, ಪ್ರೆಸ್ಟನ್

ಓದುಗರೇ, ಈ ಜಗಳ ಅವರವರಲ್ಲೇ ಆಗಿದೆ, ರಿಕ್-ಟಿಕ್ ಹುಡುಗ ಹೇಳಿದ್ದ. ಆಮೇಲೆ ನಾನೂ ಒಂದಿಷ್ಟು ಓದಿಕೊಂಡೆ. ಬ್ಲ್ಯಾಕ್‌ಪೂಲ್ ಊರಿನ ಮೆಕ್ಕಾ ಎಂಬ ಡಾನ್ಸ್ ಹಾಲಿನ ಹೈಲ್ಯಾಂಡ್ ರೂಮಿನಲ್ಲಿ ಇಯಾನ್ ಲೆವಿನ್, ಕಾಲಿನ್ ಕರ್ಟಿಸ್ ಎಂಬ ಡಿಜೆಗಳಿದ್ದರು. ಲೆವಿನ್ ಸ್ಥಿತಿವಂತರ ಮಗ, ತಂದೆ ತಾಯಿಯ ಜೊತೆ ಮಯಾಮಿಗೆ ರಜೆಗೆ ಹೋದಾಗಲೆಲ್ಲ ಸಾವಿರಗಟ್ಟಲೆ ಹಳೆಯ ಪ್ಲೇಟು ಹೊತ್ತು ತರುತ್ತಿದ್ದವನು. ಅವನೇ 1970ರ ದಶಕದ ನಡುವೆ ಅಮೆರಿಕದ ಹೊಸ ಹಾಡುಗಳನ್ನು, ಡಿಸ್ಕೊಗೆ ಹತ್ತಿರದವನ್ನು, ಹಾಕಲು ಶುರು ಮಾಡಿದ. ವಿಗನ್ ಪಂಗಡದವರಿಗೆ ಕೋಪ ಬಂತು, ‘ಲೆವಿನ್ ತೊಲಗಲಿ’ ಎಂದು ಬ್ಯಾನರ್ ಹಿಡಿದರು. ಅಂದರೆ ಹೊಸದಕ್ಕೆ ಹೆದರಿದವರೂ ಇದ್ದರು, ಹಂಬಲಿಸಿದವರೂ ಇದ್ದರು.

ವಿಗನ್ನಿನ ಮಾನ ಕಳೆದದ್ದು ಡಿಸ್ಕೊ ಅಲ್ಲ, ಟಿವಿ. 1975ರಲ್ಲಿ ‘ವಿಗನ್ಸ್ ಒವೇಷನ್’ ಎಂಬ ಬಿಳಿಯ ಹುಡುಗರ ತಂಡವೊಂದು ಹಳೆಯ ಸೋಲ್ ಹಾಡನ್ನು ಹೊಸದಾಗಿ ಹಾಡಿ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮದಲ್ಲಿ ಬಂತು. ನಮ್ಮ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅದನ್ನು ನೋಡಿದ ಪೋರ್ಟರ್ ಒಬ್ಬ ಊಟದ ತಟ್ಟೆ ಬಿಟ್ಟು ಎದ್ದು ಹೋದ. ಮುಂದಿನ ವಾರಗಳಲ್ಲಿ ಕ್ಯಾಸಿನೊಗೆ ಪ್ರವಾಸಿಗರಂತೆ ನೋಡಲು ಬರುವವರು ಹೆಚ್ಚಾದರಂತೆ.

ಸಿಸ್ಟರ್ ಅಕ್ಕ

ಹೆಚ್ಚಾದರು. ನೆಲದ ನಡುವೆ ನಿಂತು ನೋಡುವವರು! ಕುಣಿಯುವವರ ದಾರಿಗೆ ಅಡ್ಡ. ಆಗ ನಮ್ಮಂಥವರು ಮೇಲಿನ ಚಿಕ್ಕ ಕೋಣೆಗೆ, ಮಿಸ್ಟರ್ ಎಮ್ಸ್‌ಗೆ, ಹತ್ತಿಬಿಡುತ್ತಿದ್ದೆವು. ಅಲ್ಲಿ ಹಳೆಯ ಮೆಚ್ಚಿನ ಹಾಡುಗಳು ಮಾತ್ರ.

ಬೆಳಿಗ್ಗೆಯ ವಿಷಯ ಹೇಳುವುದು ಉಳಿದಿದೆ. ಎಂಟಕ್ಕೆ ಮೊದಲು ಯಾವಾಗಲೂ ಅದೇ ಮೂರು ಹಾಡು, ಅದೇ ಕ್ರಮ. ಜಿಮ್ಮಿ ರ‍್ಯಾಡ್‌ಕ್ಲಿಫ್, ಟೋಬಿ ಲೆಜೆಂಡ್, ಡೀನ್ ಪ್ಯಾರಿಶ್. ‘ಥ್ರೀ ಬಿಫೋರ್ ಎಯ್ಟ್’ ಎಂದೇ ಹೆಸರು. ಮೊದಲನೆಯದು ಶುರುವಾದ ಕೂಡಲೇ ಬಾಲ್ಕನಿಯಲ್ಲಿ ನಿದ್ದೆ ಹೋದವರೂ ಎದ್ದು ಬರುತ್ತಿದ್ದರು. ಆಮೇಲೆ ಹೊರಗೆ ಬಿಸಿಲು, ಕಣ್ಣು ಬಿಡಲಾಗದು. ಕೆಲವರು ಊರಿನ ಈಜುಕೊಳಕ್ಕೆ ಹೋಗಿ ಮೈ ತೊಳೆದುಕೊಳ್ಳುತ್ತಿದ್ದರು. ನಾನು ಬಸ್ಸಿನಲ್ಲಿ ಗೆಳತಿಯ ಹೆಗಲ ಮೇಲೆ ನಿದ್ದೆ.

ಮುಚ್ಚಿದ್ದು 1981ರ ಡಿಸೆಂಬರ್ 6ರಂದು. ನಗರಸಭೆಗೆ ಕಚೇರಿ ವಿಸ್ತರಿಸಲು ಆ ಜಾಗ ಬೇಕಿತ್ತು. ನಾನು ಅಷ್ಟು ಹೊತ್ತಿಗೆ ಮದುವೆಯಾಗಿ, ಕೈಗೂಸು ಇಟ್ಟುಕೊಂಡು ಬರ್ಮಿಂಗ್‌ಹ್ಯಾಮಿನಲ್ಲಿದ್ದೆ. ಗೆಳತಿ ಹೋಗಿದ್ದಳು. ಆ ಮೂರು ಹಾಡು ಮುಗಿದರೂ ಜನ ಕದಲಲಿಲ್ಲವಂತೆ, ಮತ್ತೆ ಹಾಕಿದರು, ಮತ್ತೆ ಹಾಕಿದರು, ಆದರೂ ಕದಲಲಿಲ್ಲ. ಕೊನೆಗೆ ಡಿಜೆ ರಸ್ ವಿನ್‌ಸ್ಟ್ಯಾನ್ಲಿ ಪೆಟ್ಟಿಗೆಗೆ ಕೈ ಹಾಕಿ ಸಿಕ್ಕಿದ್ದೊಂದನ್ನು ಹಾಕಿದ. ಅದು ಸಂಗ್ರಹಿಗಳು ಹೇಳಿದ ಫ್ರಾಂಕ್ ವಿಲ್ಸನ್ ಹಾಡು. ಮುಂದಿನ ವರ್ಷ ಕಟ್ಟಡಕ್ಕೆ ಬೆಂಕಿ ಬಿತ್ತು, ಆಮೇಲೆ ಕೆಡವಿದರು. ನಗರಸಭೆಯ ಕಚೇರಿ ಅಲ್ಲಿ ಮೇಲೇಳಲೇ ಇಲ್ಲ. ಈಗ ಅಲ್ಲಿ ಗ್ರ್ಯಾಂಡ್ ಆರ್ಕೇಡ್ ಎಂಬ ಮಾಲ್ ಇದೆ.

ಲೀಡ್ಸ್ ವಿದ್ಯಾರ್ಥಿ

ಈಗಿನದೂ ಸ್ವಲ್ಪ ಬರೆಯುತ್ತೇನೆ. ಮುಗಿದುಹೋದ ಕತೆಯೆಂದು ಯಾರೂ ತಿಳಿಯಬಾರದು. ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯ ಹಂಡ್ರೆಡ್ ಕ್ಲಬ್ಬಿನಲ್ಲಿ 1980ರ ಸುಮಾರಿಗೆ ಶುರುವಾದ, ರಾತ್ರಿಯಿಡೀ ಕುಣಿಯುವ ಆಲ್‌ನೈಟರ್‌ಗಳು ದಶಕಗಳಿಂದ ನಡೆದು ಬಂದಿವೆ. ಸ್ಟೋಕ್‌ನ ಕಿಂಗ್ಸ್ ಹಾಲಿನಲ್ಲೂ ದೊಡ್ಡ ರಾತ್ರಿಗಳಾಗುತ್ತವೆ. ನನ್ನ ವಯಸ್ಸಿನವರು ಮೊಬೈಲಿನಲ್ಲಿ ಕುಣಿತದ ತುಣುಕು ನೋಡಿ, ಅಡುಗೆಮನೆಯ ಟೈಲ್ಸ್ ಮೇಲೆ ಕಾಲ್ಚೀಲದಲ್ಲಿ ಅಭ್ಯಾಸ ಮಾಡಿಕೊಂಡು ಬರುತ್ತಾರೆ. ಹಿರಿಯರು ಮೊದಲು ಮೊಬೈಲ್ ಹಿಡಿದದ್ದಕ್ಕೆ ಗೊಣಗುತ್ತಾರೆ, ಆಮೇಲೆ ಪಕ್ಕಕ್ಕೆ ಕರೆದು ಹೆಜ್ಜೆ ತಿದ್ದುತ್ತಾರೆ. ‘ಭುಜ ಸಡಿಲ ಬಿಡು, ಡೋಲಿನ ಹಿಂದೆ ಓಡಬೇಡ, ಪಿಯಾನೊ ಕೇಳು’ ಎಂದು ಎಪ್ಪತ್ತರ ಅಜ್ಜನೊಬ್ಬರು ನನಗೆ ಹೇಳಿದರು. ಅಂದಿನಿಂದ ನಾನು ಮುಗ್ಗರಿಸುವುದು ಕಡಿಮೆಯಾಗಿದೆ.

ಸಂಗ್ರಹಿ ಸರ್, ಅಸಲಿ ಪ್ಲೇಟಿನ ಮಡಿ ಕೆಲವು ಕಡೆ ಇನ್ನೂ ಕಟ್ಟುನಿಟ್ಟು. ಬೇರೆ ಕಡೆ ಯಾರೂ ಕೇಳುವುದಿಲ್ಲ. ನಾವು ವಿದ್ಯಾರ್ಥಿಗಳು ಮರುಮುದ್ರಣವನ್ನೇ ಕೊಳ್ಳುತ್ತೇವೆ, ಬೇರೆ ದಾರಿಯೂ ಇಲ್ಲ.

ಬೇಸಿಗೆ ರಜೆಗೆ ಮುಂಚೆ ನಾವು ನಾಲ್ಕು ಜನ ಸ್ಟೋಕ್‌ಗೆ ಹೋಗುವ ಯೋಚನೆಯಿದೆ. ಇಲ್ಲಿಂದ ಯಾರಾದರೂ ಬರುತ್ತೀರಾ?

ಮ್ಯಾಂಚೆಸ್ಟರ್ ಮಳೆ

ನಾನು ಬರುತ್ತೇನೆ. ಕಾರಿನಲ್ಲಿ ಮೂರು ಜನಕ್ಕೆ ಜಾಗವಿದೆ. ಆ ಲೆಕ್ಕಪತ್ರದ ಸಹೋದ್ಯೋಗಿಗೆ ಹೇಳಿದೆ, ಅವರು ಹೆಂಡತಿಯ ಜೊತೆ ಬೇರೆ ಕಾರಿನಲ್ಲಿ ಬರುತ್ತಾರಂತೆ. ಅಕ್ಕ, ಶೂ ಯಾವುದು ಹಾಕಬೇಕು?

ಸಿಸ್ಟರ್ ಅಕ್ಕ

ರಬ್ಬರ್ ಅಡಿಯದು ಖಂಡಿತ ಬೇಡ, ತಿರುಗುವಾಗ ನೆಲ ಕಚ್ಚಿಕೊಂಡು ಮೊಣಕಾಲು ತಿರುಚುತ್ತದೆ. ಚರ್ಮದ ಅಡಿಯ ಹಳೆಯ ಶೂ ಇದ್ದರೆ ಸಾಕು. ಪೌಡರ್ ತರುವ ಮೊದಲು ಸಭಾಂಗಣದವರನ್ನು ಕೇಳಿ, ಈಗ ಹಲವು ಕಡೆ ಬಿಡುವುದಿಲ್ಲ. ಎರಡು ಅಂಗಿ, ಒಂದು ಟವೆಲು, ನೀರು. ನಾನು ಮಗಳ ಜೊತೆ ರೈಲಿನಲ್ಲಿ ಬರುತ್ತೇನೆ. ಮೊಣಕಾಲು ಬದಲಾಯಿಸಿಕೊಂಡಿದ್ದೇನೆ, ಆದ್ದರಿಂದ ಆಯ್ದ ಹಾಡಿಗೆ ಮಾತ್ರ ಎದ್ದೇಳುವುದು.

ನಿವೃತ್ತ ವೈದ್ಯ, ಪ್ರೆಸ್ಟನ್

ಯಾವ ಕಾಲು, ಯಾವಾಗ ಮಾಡಿಸಿದ್ದು? ಆರು ತಿಂಗಳಾಗಿರದಿದ್ದರೆ ಕುಣಿಯಬೇಡಿ. ಮಳೆಯವರೇ, ನಿಮ್ಮ ಕಾರಿನಲ್ಲಿ ನನಗೊಂದು ಸೀಟು ಇಡಿ. ಫ್ಲಾಸ್ಕಿನಲ್ಲಿ ಕಾಫಿ ನಾನು ತರುತ್ತೇನೆ, ಚಿಕೋರಿ ಬೆರೆಸಿದ್ದು, ಬೆಳಿಗ್ಗೆ ಎಂಟರವರೆಗೆ ಅದೊಂದೇ ಸಾಕು.